ಪಾತ್ರೆ ತೊಳೆದ ದ್ರಾಕ್ಷಿ ಡಾಕ್ಟರು

ಮೊದಲೇ ಹೇಳಿಬಿಡುತ್ತೇನೆ, ನನಗೆ ವೈನ್ ಬಗ್ಗೆ ಹೆಚ್ಚೇನೂ ಗೊತ್ತಿಲ್ಲ. ಗ್ಲಾಸನ್ನು ಗಿರಗಿರ ತಿರುಗಿಸಿ, ಅದರೊಳಗೆ ಮೂಗು ತೂರಿಸಿ, "ಆಹಾ, ಹಸಿರು ಸೇಬಿನ ವಾಸನೆ" ಅನ್ನುವವರನ್ನು ಕಂಡರೆ ನನಗೆ ಒಳಗೊಳಗೇ ನಗು ಬರುತ್ತದೆ. ಆದರೆ ಒಂದು ಅಕ್ಟೋಬರ್ ತಿಂಗಳಲ್ಲಿ ಗೆಳೆಯನ ಜೊತೆ ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ ಕಾರಿನಲ್ಲಿ ಸುತ್ತುತ್ತಿದ್ದಾಗ, ಕ್ಯೂಕಾ ಅನ್ನುವ ಸರೋವರದ ಪಕ್ಕದ ಗುಡ್ಡದ ಮೇಲೆ ಒಂದು ವೈನರಿಗೆ ಹೋಗಿದ್ದೆವು. ಹೆಸರು ಡಾ. ಕಾನ್‌ಸ್ಟಂಟೈನ್ ಫ್ರಾಂಕ್ ವೈನರಿ. ಕೆಳಗೆ ನೀಲಿ ಸರೋವರ, ಇಳಿಜಾರಿನ ತುಂಬಾ ಸಾಲು ಸಾಲು ದ್ರಾಕ್ಷಿ, ಮರಗಳೆಲ್ಲ ಕೆಂಪು ಹಳದಿ. ವೈನರಿಗೆ ಡಾಕ್ಟರ ಹೆಸರು ಯಾಕೆ ಅಂತ ಕೇಳಿದೆ. ಆ ಪ್ರಶ್ನೆಯ ಉತ್ತರವೇ ಈ ಬರಹ.

ಅಲ್ಲಿಂದ ಬಂದಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತಾ ಹೋದ ಹಾಗೆ ವೈನ್ ಪಕ್ಕಕ್ಕೆ ಸರಿದು ಒಬ್ಬ ಮನುಷ್ಯ ಎದುರಿಗೆ ನಿಂತ. ನಿಮಗೂ ಹೇಳಬೇಕು ಅನ್ನಿಸಿತು.

ಮೊದಲು ಜಾಗದ ಪರಿಚಯ. ಈ ಪ್ರದೇಶಕ್ಕೆ ಫಿಂಗರ್ ಲೇಕ್ಸ್ ಅಂತ ಹೆಸರು. ಉತ್ತರ ದಕ್ಷಿಣವಾಗಿ ಉದ್ದಕ್ಕೆ ಚಾಚಿದ ಹನ್ನೊಂದು ಕಿರಿದಾದ ಸರೋವರಗಳು, ಭೂಪಟದಲ್ಲಿ ನೋಡಿದರೆ ಕೈಬೆರಳುಗಳ ಹಾಗೆಯೇ ಕಾಣುತ್ತವೆ. ಹಿಮಯುಗದಲ್ಲಿ ಮಂಜಿನ ಬಂಡೆಗಳು ಜರುಗುತ್ತಾ ನೆಲವನ್ನು ಕೊರೆದು ಮಾಡಿದ ಗುಂಡಿಗಳಿವು. ಅಗಲ ಕಡಿಮೆ, ಆಳ ಮಾತ್ರ ಗಾಬರಿ ಹುಟ್ಟಿಸುವಷ್ಟು. ಸೆನೆಕಾ ಸರೋವರ ಸುಮಾರು 188 ಮೀಟರ್ ಆಳ ಇದೆ. ಕ್ಯೂಕಾ ಅಷ್ಟು ಆಳವಿಲ್ಲ, ಆದರೆ ಅದರ ಆಕಾರ ಇಂಗ್ಲಿಷಿನ ವೈ ಅಕ್ಷರದ ಹಾಗೆ ಕವಲೊಡೆದಿದೆ.

ಈ ಆಳಕ್ಕೂ ದ್ರಾಕ್ಷಿಗೂ ಏನು ಸಂಬಂಧ? ನಮ್ಮ ಹಳ್ಳಿ ಮನೆಗಳ ಬಚ್ಚಲ ಹಂಡೆ ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಒಲೆ ಹಚ್ಚಿ ಕಾಯಿಸಿದ ದೊಡ್ಡ ಹಂಡೆಯ ನೀರು, ಒಲೆ ಆರಿ ಎಷ್ಟೋ ಹೊತ್ತಾದಮೇಲೂ ಬೆಚ್ಚಗೇ ಇರುತ್ತದೆ. ಬಚ್ಚಲಿಗೆ ಕಾಲಿಟ್ಟರೆ ಹಿತವಾದ ಕಾವು. ಈ ಸರೋವರಗಳೂ ಹಾಗೇ. ಬೇಸಿಗೆಯ ಬಿಸಿಲನ್ನು ತಿಂಗಳುಗಟ್ಟಲೆ ಕುಡಿದು ಇಟ್ಟುಕೊಂಡು, ಚಳಿಗಾಲದಲ್ಲಿ ನಿಧಾನಕ್ಕೆ ಬಿಡುತ್ತವೆ. ದಂಡೆಯ ಇಳಿಜಾರಿನಲ್ಲಿ ಕೆಲವು ಡಿಗ್ರಿ ಚಳಿ ಕಡಿಮೆ. ವಸಂತದಲ್ಲಿ ಇದರ ತಿರುವುಮುರುವು: ತಣ್ಣನೆಯ ನೀರು ಸುತ್ತಲ ಗಾಳಿಯನ್ನು ತಂಪಾಗಿಟ್ಟು, ಬಳ್ಳಿ ಅವಸರದಲ್ಲಿ ಚಿಗುರದ ಹಾಗೆ ತಡೆಯುತ್ತದೆ. ಮುಂಚೆ ಚಿಗುರಿದರೆ ಮೇ ತಿಂಗಳ ಇಬ್ಬನಿ ಹಿಮಕ್ಕೆ ಸಿಕ್ಕಿ ಸುಟ್ಟು ಹೋಗುತ್ತದಲ್ಲ, ಅದಕ್ಕೆ.

ಹಾಗಾಗಿ ಇಲ್ಲಿ ದ್ರಾಕ್ಷಿ ಹೊಸದೇನಲ್ಲ. 1829ರಲ್ಲೇ ಹ್ಯಾಮಂಡ್ಸ್‌ಪೋರ್ಟ್ ಅನ್ನುವ ಊರಿನಲ್ಲಿ ವಿಲಿಯಂ ಬಾಸ್ಟ್‌ವಿಕ್ ಎಂಬ ಪಾದ್ರಿ ಚರ್ಚಿನ ಹಿತ್ತಿಲಲ್ಲಿ ಬಳ್ಳಿ ನೆಟ್ಟಿದ್ದ. 1860ರಲ್ಲಿ ಅದೇ ಊರಿನ ಹತ್ತಿರ ಪ್ಲೆಸೆಂಟ್ ವ್ಯಾಲಿ ವೈನ್ ಕಂಪನಿ ಶುರುವಾಯಿತು. ಷಾಂಪೇನ್ ಮಾದರಿಯ ನೊರೆ ವೈನ್ ಮಾಡಿ ಇಡೀ ಅಮೆರಿಕದಲ್ಲಿ ಹೆಸರು ಮಾಡಿದ ಊರು ಇದು. 1920ರಿಂದ 1933ರವರೆಗಿನ ಪಾನನಿಷೇಧದ ಕಾಲದಲ್ಲೂ ಕೆಲವು ಕಂಪನಿಗಳು ಚರ್ಚಿನ ಪೂಜೆಯ ವೈನ್, ದ್ರಾಕ್ಷಿ ಜ್ಯೂಸ್ ಅಂತ ಮಾಡಿಕೊಂಡು ಹೇಗೋ ಉಸಿರು ಹಿಡಿದಿದ್ದವು.

ಆದರೆ ಒಂದು ತೊಡಕಿತ್ತು. ಇಲ್ಲಿ ಬೆಳೆಯುತ್ತಿದ್ದದ್ದು ಅಮೆರಿಕದ ಕಾಡಿನಲ್ಲೇ ಹುಟ್ಟಿದ ಲಬ್ರುಸ್ಕಾ ಜಾತಿಯ ಮತ್ತು ಅದರ ಬೆರಕೆಯ ತಳಿಗಳು. ಕಾಂಕರ್ಡ್, ಕಟಾಬಾ, ಡೆಲವೇರ್, ಇಸಬೆಲ್ಲಾ ಹೀಗೆ. ಈ ಜಾತಿಯ ರುಚಿ ಹೇಗಿರುತ್ತದೆ ಅಂತ ಯುರೋಪಿನವರಿಗೆ ವಿವರಿಸುವುದು ಕಷ್ಟ, ಆದರೆ ಬೆಂಗಳೂರು, ಚಿಕ್ಕಬಳ್ಳಾಪುರದ ಕಡೆಯವರಿಗೆ ಬಹಳ ಸುಲಭ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ ಇದೆಯಲ್ಲ, 2013ರಲ್ಲಿ ಭೌಗೋಳಿಕ ಗುರುತು ಪಡೆದದ್ದು, ಅದು ಈ ಲಬ್ರುಸ್ಕಾ ವಂಶದ್ದೇ, ಇಸಬೆಲ್ಲಾಗೆ ಹತ್ತಿರದ ನೆಂಟ. ಹಿಚುಕಿದರೆ ಸಿಪ್ಪೆಯಿಂದ ಜಾರಿ ಬಾಯಿಗೆ ಬರುವ ಲೋಳೆಯಂಥ ತಿರುಳು, ಬೀಜ, ಮತ್ತೆ ಆ ಗಮ್ಮೆನ್ನುವ ವಾಸನೆ... ತಿನ್ನಲು ನನಗೆ ಈಗಲೂ ಅದೇ ಇಷ್ಟ. ಆದರೆ ವೈನ್ ಮಾಡಿದಾಗ ಅದೇ ವಾಸನೆ ಎದ್ದು ಬಂದು ಬೇರೆಲ್ಲ ರುಚಿಯನ್ನೂ ಮುಚ್ಚಿಬಿಡುತ್ತದೆ. ವೈನ್ ಬಲ್ಲವರು ಮೂಗು ಮುರಿಯುತ್ತಿದ್ದದ್ದು ಇದಕ್ಕೇ.

ಹಾಗಾದರೆ ಯುರೋಪಿನ ದ್ರಾಕ್ಷಿಯನ್ನೇ ತಂದು ನೆಡಬಹುದಿತ್ತಲ್ಲ? ಶಾರ್ಡನೆ, ರೀಸ್ಲಿಂಗ್ ಇವೆಲ್ಲ ವಿನಿಫೆರಾ ಎಂಬ ಜಾತಿಗೆ ಸೇರಿದವು. ಅವನ್ನು ನೆಡುವ ಪ್ರಯತ್ನ ನಡೆಯದೇ ಇರಲಿಲ್ಲ. ಅಮೆರಿಕದ ಪೂರ್ವ ಕರಾವಳಿಗೆ ಬಂದಿಳಿದ ವಲಸಿಗರು ಮುನ್ನೂರು ವರ್ಷ ಅದನ್ನೇ ಮಾಡಿದರು. ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ ಕೂಡ ವರ್ಜೀನಿಯಾದ ತನ್ನ ಮಾಂಟಿಚೆಲ್ಲೊ ತೋಟದಲ್ಲಿ ನೆಟ್ಟು ಸೋತ. ಬೇರು ಹೀರುವ ಫಿಲಾಕ್ಸರಾ ಎಂಬ ಸಣ್ಣ ಕೀಟ, ಎಲೆಗೆ ಹತ್ತುವ ಬೂಜು ರೋಗ, ಉತ್ತರಕ್ಕೆ ಹೋದರೆ ಕೊಲ್ಲುವ ಚಳಿ. ಕೊನೆಗೆ ಎಲ್ಲರೂ ಒಪ್ಪಿಕೊಂಡಿದ್ದು ಇಷ್ಟು: ಯುರೋಪಿನ ದ್ರಾಕ್ಷಿ ಕ್ಯಾಲಿಫೋರ್ನಿಯಾಕ್ಕೆ ಸರಿ, ಪೂರ್ವಕ್ಕೆ ಆಗದು. ಹೀಗೆ ಹೇಳಿದವರನ್ನು ಇವತ್ತು ಮೂರ್ಖರು ಅನ್ನುವುದು ಸುಲಭ. ಆದರೆ ಅವರ ಬೆನ್ನಿಗೆ ಮುನ್ನೂರು ವರ್ಷದ ಸೋಲಿನ ಲೆಕ್ಕ ಇತ್ತು. ಒಬ್ಬ ಬಡ ರೈತನಿಗೆ "ನೆಡು" ಅಂತ ಹೇಳಿ, ಒಂದೇ ರಾತ್ರಿಯ ಚಳಿಗೆ ಅವನ ತೋಟ ಸತ್ತುಹೋದರೆ ಯಾರು ಹೊಣೆ?

ಈಗ ನಮ್ಮ ಡಾಕ್ಟರು ಬರುತ್ತಾರೆ.

ಕಾನ್‌ಸ್ಟಂಟೈನ್ ಫ್ರಾಂಕ್ ಹುಟ್ಟಿದ್ದು ಉಕ್ರೇನಿನಲ್ಲಿ, ಅಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಮನೆತನದಲ್ಲಿ, 19ನೇ ಶತಮಾನದ ಕೊನೆಯ ವರ್ಷಗಳಲ್ಲಿ. ಒಡೆಸ್ಸಾದಲ್ಲಿ ಓದಿ ದ್ರಾಕ್ಷಿ ಕೃಷಿಯಲ್ಲಿ ಡಾಕ್ಟರೇಟ್ ಪಡೆದ. ಮಹಾಪ್ರಬಂಧದ ವಿಷಯ ಏನು ಗೊತ್ತೇ? ಚಳಿ ಪ್ರದೇಶದಲ್ಲಿ ವಿನಿಫೆರಾ ದ್ರಾಕ್ಷಿ ಬೆಳೆಯುವುದು ಹೇಗೆ ಎಂಬುದು! ಬರೀ ಪುಸ್ತಕದ ಬದನೆಕಾಯಿ ಅಲ್ಲ. ಡ್ನಿಪ್ರೊ ನದಿಯ ಹತ್ತಿರ, ಫಿಲಾಕ್ಸರಾ ತಿಂದು ಹಾಳುಗೆಡವಿದ್ದ ದೊಡ್ಡ ತೋಟವನ್ನು ಮತ್ತೆ ಕಟ್ಟಿ ನಿಲ್ಲಿಸಿದ ಅನುಭವ ಆತನಿಗಿತ್ತು. ಆ ಕಡೆ ಚಳಿಗಾಲ ಬಂದರೆ ಬಳ್ಳಿಯನ್ನು ಮಣ್ಣಲ್ಲಿ ಮುಚ್ಚಿ ಮಲಗಿಸುವುದು, ವಸಂತಕ್ಕೆ ಮತ್ತೆ ಎಬ್ಬಿಸುವುದು ರೂಢಿಯ ಕೆಲಸ.

ಆಮೇಲೆ ಎರಡನೇ ಮಹಾಯುದ್ಧ ಬಂತು. ಒಂದು ಕಡೆ ಸ್ಟಾಲಿನ್, ಇನ್ನೊಂದು ಕಡೆ ಹಿಟ್ಲರ್. ಜರ್ಮನ್ ಮೂಲದ ಉಕ್ರೇನಿಗನ ಪಾಡು ಊಹಿಸಿಕೊಳ್ಳಿ. ಕುಟುಂಬ ಕಟ್ಟಿಕೊಂಡು ಆಸ್ಟ್ರಿಯಾ, ಅಲ್ಲಿಂದ ಜರ್ಮನಿಯ ಬವೇರಿಯಾ, ಕೊನೆಗೆ 1951ರಲ್ಲಿ ಹೆಂಡತಿ, ಮೂವರು ಮಕ್ಕಳ ಜೊತೆ ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದಿಳಿದ. ವಯಸ್ಸು ಐವತ್ತು ದಾಟಿತ್ತು. ಹಲವು ಭಾಷೆ ಬರುತ್ತಿತ್ತು, ಇಂಗ್ಲಿಷ್ ಒಂದು ಬಿಟ್ಟು. ಅಮೆರಿಕದಲ್ಲಿ ಬೇಕಾಗಿದ್ದದ್ದು ಆ ಒಂದೇ ಭಾಷೆ.

ದ್ರಾಕ್ಷಿಯ ಡಾಕ್ಟರಿಗೆ ಸಿಕ್ಕ ಮೊದಲ ಕೆಲಸ, ಹಾರ್ನ್ ಅಂಡ್ ಹಾರ್ಡಾರ್ಟ್ ಎಂಬ ಹೋಟೆಲಿನಲ್ಲಿ ಪಾತ್ರೆ ತೊಳೆಯುವುದು.

ಅಲ್ಲಿ ಒಂದಿಷ್ಟು ಕಾಸು ಕೂಡಿಸಿಕೊಂಡು ಆತ ರಾಜ್ಯದ ಉತ್ತರಕ್ಕೆ ಹೊರಟ. ಸೆನೆಕಾ ಸರೋವರದ ತುದಿಯಲ್ಲಿ ಜಿನೀವಾ ಅಂತ ಒಂದು ಊರು (ಸ್ವಿಟ್ಜರ್ಲೆಂಡಿನದಲ್ಲ ಮತ್ತೆ!). ಅಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ಸಂಶೋಧನಾ ಕೇಂದ್ರವಿದೆ. ದ್ರಾಕ್ಷಿಯ ವಿಚಾರದಲ್ಲಿ ಆ ಭಾಗಕ್ಕೆಲ್ಲ ಅದರ ಮಾತೇ ಕಡೆಯ ಮಾತು. ತನ್ನ ವಿದ್ಯೆಗೆ ಇದೇ ಜಾಗ ಅಂತ ಫ್ರಾಂಕ್ ಅಂದುಕೊಂಡ. ಕೆಲಸವೇನೋ ಕೊಟ್ಟರು. ಬ್ಲೂಬೆರಿ ಗಿಡಗಳ ನಡುವೆ ಕಳೆ ತೆಗೆಯುವ ಕೆಲಸ. ವಿನಿಫೆರಾ ಇಲ್ಲಿ ಬೆಳೆಯಬಹುದು, ನಾನು ಇದಕ್ಕಿಂತ ಹೆಚ್ಚು ಚಳಿಯಲ್ಲಿ ಬೆಳೆದು ಬಂದವನು ಅಂತ ಆತ ಹೇಳುತ್ತಲೇ ಇದ್ದ. ಮುರುಕಲು ಇಂಗ್ಲಿಷಿನಲ್ಲಿ, ಕೈಯಲ್ಲಿ ಗುದ್ದಲಿ ಹಿಡಿದ ಕೂಲಿಯಾಳು ಹೇಳಿದರೆ ಯಾರು ಕೇಳುತ್ತಾರೆ ಹೇಳಿ?

ಕೇಳಿದವನೊಬ್ಬ ಸಿಕ್ಕ. ಇಡೀ ಕಥೆಯ ತಿರುವು ಇದೇ.

ಆತನ ಹೆಸರು ಚಾರ್ಲ್ಸ್ ಫೂರ್ನಿಯೆ, ಫ್ರೆಂಚಿನವನು. ರ‍್ಯಾನ್ಸ್ ನಗರದಲ್ಲಿ ವೆವ್ ಕ್ಲಿಕೊ ಎಂಬ ಹೆಸರಾಂತ ಷಾಂಪೇನ್ ಮನೆಯಲ್ಲಿ ವೈನ್ ತಯಾರಕನಾಗಿದ್ದವನನ್ನು, ಪಾನನಿಷೇಧ ಮುಗಿದ ಮೇಲೆ 1934ರಲ್ಲಿ ಕ್ಯೂಕಾ ದಂಡೆಯ ಗೋಲ್ಡ್ ಸೀಲ್ ವೈನರಿಯವರು ಕರೆಸಿಕೊಂಡಿದ್ದರು. ಕೈಯಲ್ಲಿ ಕಸುಬಿತ್ತು, ಮನಸ್ಸಿನಲ್ಲಿ ಕೊರಗೂ ಇತ್ತು. ತವರಿನ ದ್ರಾಕ್ಷಿ ಇಲ್ಲಿ ಬೆಳೆಯುವುದಿಲ್ಲವಲ್ಲ ಅಂತ. ಇದ್ದ ದ್ರಾಕ್ಷಿಯ ಜೊತೆಗೆ ಫ್ರೆಂಚ್ ಬೆರಕೆ ತಳಿಗಳನ್ನು ತರಿಸಿ, ಅವುಗಳಲ್ಲೇ ಜಾಣತನ ತೋರಿಸಿ ಒಳ್ಳೆಯ ನೊರೆ ವೈನ್ ಮಾಡುತ್ತಿದ್ದ. 1950ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಮೇಳ ಹೊರಗಿನವರಿಗೂ ಬಾಗಿಲು ತೆರೆದಾಗ, ಆತನ ವೈನಿಗೇ ಚಿನ್ನದ ಪದಕ ಬಂತು.

1953ರಲ್ಲಿ ಫೂರ್ನಿಯೆಗೆ ಫ್ರಾಂಕನ ಪರಿಚಯವಾಯಿತು. ಇಬ್ಬರಿಗೂ ಫ್ರೆಂಚ್ ಬರುತ್ತಿತ್ತು. ಇಂಗ್ಲಿಷಿನಲ್ಲಿ ತೊದಲುವ ಕೂಲಿಯಾಳು ಫ್ರೆಂಚಿನಲ್ಲಿ ಮಾತಾಡಿದ ಕೂಡಲೇ ವಿಜ್ಞಾನಿಯಾಗಿಬಿಟ್ಟ! ನಮ್ಮೂರಿನ ಚಳಿಯಲ್ಲಿ ಉಗುಳಿದರೆ ಉಗುಳು ನೆಲ ಮುಟ್ಟುವ ಮೊದಲೇ ಗಡ್ಡೆ ಕಟ್ಟುತ್ತದೆ, ಅಲ್ಲೇ ಬೆಳೆದಿದ್ದೇನೆ, ಇಲ್ಲಿ ಯಾಕಾಗದು ಎಂಬರ್ಥದ ಮಾತು ಆತ ಹೇಳಿದ್ದನೆಂದು ಈ ಕಡೆಯ ವೈನ್ ಚರಿತ್ರೆಗಳಲ್ಲೆಲ್ಲ ಬರುತ್ತದೆ. ಫೂರ್ನಿಯೆ ನಂಬಿದ. ಗೋಲ್ಡ್ ಸೀಲ್ ವೈನರಿಯಲ್ಲಿ ದ್ರಾಕ್ಷಿ ಸಂಶೋಧನೆಗೆಂದೇ ಕೆಲಸ ಕೊಟ್ಟ.

ಫ್ರಾಂಕನ ವಾದ ಏನು ಅಂತ ಸ್ವಲ್ಪ ಬಿಡಿಸಿ ನೋಡೋಣ. ಫಿಲಾಕ್ಸರಾ ಕಾಟಕ್ಕೆ ಮದ್ದು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು, ಕಸಿ ಕಟ್ಟುವುದು. ನಾವು ನಾಟಿ ಮಾವಿನ ಸಸಿಗೆ ಬಾದಾಮಿ ಮಾವಿನ ಕುಡಿ ಕಟ್ಟುತ್ತೇವಲ್ಲ, ಹಾಗೆ. ಕೆಳಗೆ ಕೀಟ ತಡೆಯುವ ಅಮೆರಿಕದ ಬೇರು, ಮೇಲೆ ಯುರೋಪಿನ ಕುಡಿ. 19ನೇ ಶತಮಾನದಲ್ಲಿ ಇದೇ ಕೀಟ ಫ್ರಾನ್ಸಿಗೆ ದಾಟಿ ಅಲ್ಲಿನ ತೋಟಗಳನ್ನೆಲ್ಲ ನುಂಗಿದಾಗ ಅವರನ್ನು ಉಳಿಸಿದ್ದು ಈ ಉಪಾಯವೇ. ಉಳಿದದ್ದು ಚಳಿಯ ಸಮಸ್ಯೆ. ಇಲ್ಲಿ ಫ್ರಾಂಕ್ ಹೇಳಿದ್ದೇ ಬೇರೆ. ಬಳ್ಳಿಯನ್ನು ಕೊಲ್ಲುವುದು ಬರೀ ಚಳಿಯಲ್ಲ, ಹಸಿಯಾಗಿರುವಾಗಲೇ ಬಂದೆರಗುವ ಚಳಿ. ಬೇಸಿಗೆಯಲ್ಲಿ ಹಸಿರಾಗಿ ಬೆಳೆದ ಬಳ್ಳಿ ಶರತ್ಕಾಲದಲ್ಲಿ ಕಂದು ಬಣ್ಣಕ್ಕೆ ತಿರುಗಿ ಕಟ್ಟಿಗೆಯಂತೆ ಬಲಿಯಬೇಕು. ಬಲಿತ ಬಳ್ಳಿ ಚಳಿ ತಡೆಯುತ್ತದೆ, ಎಳಸು ಬಳ್ಳಿ ಒಡೆದು ಸಾಯುತ್ತದೆ. ಫ್ರಾನ್ಸಿಗೋ ಕ್ಯಾಲಿಫೋರ್ನಿಯಾಕ್ಕೋ ಹೊಂದುವ ಬೇರಿನ ಮೇಲೆ ಕಟ್ಟಿದರೆ, ಇಲ್ಲಿನ ಗಿಡ್ಡ ಬೇಸಿಗೆ ಮುಗಿದರೂ ಬಳ್ಳಿ ಇನ್ನೂ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಬೇಗ ಕೆಲಸ ಮುಗಿಸಿ ಮಲಗುವ ಬೇರು ಬೇಕು.

ಇಂಥ ಬೇರನ್ನು ಹುಡುಕಿಕೊಂಡು ಇಬ್ಬರೂ ಊರೂರು ಅಲೆದರು. ಕೊನೆಗೆ ಗಡಿಯಾಚೆ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಒಂದು ಕ್ರೈಸ್ತ ಮಠ ಸಿಕ್ಕಿತು. ಇಲ್ಲಿಗಿಂತ ಹೆಚ್ಚು ಚಳಿ, ಇಲ್ಲಿಗಿಂತ ಗಿಡ್ಡ ಬೇಸಿಗೆ. ಆದರೂ ಆ ಮಠದ ತೋಟದಲ್ಲಿ ಪಿನೊ ನ್ವಾರ್ ಎಂಬ ಫ್ರೆಂಚ್ ದ್ರಾಕ್ಷಿ ಬೆಳೆಯುತ್ತಿತ್ತು! ಪ್ರತಿ ವರ್ಷ ಅಲ್ಲದಿದ್ದರೂ ಆಗೀಗ ಒಳ್ಳೆಯ ವೈನೂ ಆಗುತ್ತಿತ್ತಂತೆ. ಅಲ್ಲಿಂದ ಬೇರಿನ ಕಡ್ಡಿ ತಂದರು. ಅದರ ಜೊತೆಗೆ ಇನ್ನೂ ಹತ್ತಾರು ಬೇರು. ಯಾವ ಬೇರಿಗೆ ಯಾವ ಕುಡಿ, ಯಾವ ಮಣ್ಣಿಗೆ ಯಾವ ಜೋಡಿ ಅಂತ ಸಾವಿರಾರು ಕಸಿ ಕಟ್ಟಿ ನೆಟ್ಟರು. ವರ್ಷಗಟ್ಟಲೆ ನಡೆದ ಕೆಲಸ ಇದು. ಗಂಡು ಹೆಣ್ಣಿನ ಜಾತಕ ಕೂಡಿಸುವವರಿಗೂ ಇಷ್ಟು ತಾಳ್ಮೆ ಇರಲಿಕ್ಕಿಲ್ಲ.

ಪರೀಕ್ಷೆಯ ದಿನ 1957ರ ಫೆಬ್ರವರಿಯಲ್ಲಿ ಬಂತು. ಸರೋವರದ ಇಳಿಜಾರುಗಳಲ್ಲಿ ತಾಪಮಾನ ಸೊನ್ನೆಗಿಂತ 25 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ ಇಳಿಯಿತು. ನಮ್ಮ ಲೆಕ್ಕದಲ್ಲಿ ಸುಮಾರು ಮೈನಸ್ 32 ಡಿಗ್ರಿ ಸೆಲ್ಸಿಯಸ್. ಹಂಡೆಯಂಥ ಸರೋವರವೂ ಕೈಚೆಲ್ಲುವಂಥ ಚಳಿ. ಹಾಗಿದ್ದರೆ ಸಾಯಬೇಕಾದದ್ದು ಯಾವುದು? ನಾಜೂಕಿನ ಯುರೋಪಿನ ಬಳ್ಳಿ ತಾನೆ?

ಆದದ್ದೇ ಬೇರೆ. ಈ ನೆಲದ ಚಳಿಗೆ ಪಳಗಿದವು ಎನಿಸಿಕೊಂಡಿದ್ದ ಡಚೆಸ್, ಇಸಬೆಲ್ಲಾ, ಅಷ್ಟೇ ಏಕೆ ಕೆಲವು ಡೆಲವೇರ್ ಬಳ್ಳಿಗಳೂ ಮರಗಟ್ಟಿ ಆ ವರ್ಷ ಒಂದು ಗೊಂಚಲೂ ಬಿಡಲಿಲ್ಲ. ನಮ್ಮ ನೀಲಿ ದ್ರಾಕ್ಷಿಯ ನೆಂಟ ಇಸಬೆಲ್ಲಾ ಕೂಡ ಸೋತವರ ಪಟ್ಟಿಯಲ್ಲಿ ಸೇರಿದ್ದಾಳೆ, ಪಾಪ. ಆದರೆ ಗಟ್ಟಿ ಬೇರಿನ ಮೇಲೆ ಕಸಿ ಕಟ್ಟಿದ ರೀಸ್ಲಿಂಗ್, ಶಾರ್ಡನೆ ಬಳ್ಳಿಗಳಲ್ಲಿ ಹತ್ತರಲ್ಲಿ ಒಂದು ಪಾಲು ಮೊಗ್ಗಿಗೂ ಪೆಟ್ಟು ಬಿದ್ದಿರಲಿಲ್ಲ. ಆ ವರ್ಷದ ಸುಗ್ಗಿಯಲ್ಲಿ ಎಕರೆಗೆ ಮೂರರಿಂದ ನಾಲ್ಕು ಟನ್ ಲೆಕ್ಕದಲ್ಲಿ ಇಳುವರಿ ಬಂತು.

ನನಗೆ ಈ ಭಾಗ ಓದುವಾಗ ಮೈ ಜುಮ್ಮೆಂದಿತು. ಆರು ವರ್ಷ ಮಾತಿನಿಂದ ಒಪ್ಪಿಸಲಾಗದ್ದನ್ನು ಒಂದು ಫೆಬ್ರವರಿ ತಿಂಗಳು ಒಪ್ಪಿಸಿತ್ತು.

ಗೋಲ್ಡ್ ಸೀಲ್ 1960ರ ದಶಕದ ಆರಂಭದಲ್ಲಿ ತನ್ನ ಶಾರ್ಡನೆ, ರೀಸ್ಲಿಂಗ್ ವೈನ್‌ಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಫ್ರಾಂಕ್ 1962ರಲ್ಲಿ ಹ್ಯಾಮಂಡ್ಸ್‌ಪೋರ್ಟಿನ ಹತ್ತಿರ ಕ್ಯೂಕಾ ದಂಡೆಯ ಮೇಲೆ ತನ್ನದೇ ವೈನರಿ ತೆರೆದ. ಅದಕ್ಕಿಟ್ಟ ಹೆಸರು ವಿನಿಫೆರಾ ವೈನ್ ಸೆಲ್ಲರ್ಸ್. ಹೆಸರೇ ಒಂದು ಘೋಷಣೆ! ಯಾವ ಜಾತಿ ಇಲ್ಲಿ ಬೆಳೆಯುವುದಿಲ್ಲ ಅಂದಿದ್ದರೋ ಅದನ್ನೇ ಬೋರ್ಡಿನ ಮೇಲೆ ಬರೆಸಿದ. ರೀಸ್ಲಿಂಗ್, ಶಾರ್ಡನೆ, ಗೆವುರ್ಜ್‌ಟ್ರಮೀನರ್ ಅಷ್ಟೇ ಅಲ್ಲದೆ, ಜಾರ್ಜಿಯಾ ದೇಶದ ರ್ಕಾತ್ಸಿತೆಲಿ ಎಂಬ ಬಿಳಿ ದ್ರಾಕ್ಷಿಯನ್ನೂ ನೆಟ್ಟ. ನಾಲಿಗೆ ತಿರುಗದ ಈ ಹೆಸರಿನ ವೈನ್ ಇವತ್ತಿಗೂ ಆ ವೈನರಿಯಲ್ಲಿ ಸಿಗುತ್ತದೆ.

ಚಳಿ ನಾಡಿಗೆ ಬಿಳಿ ವೈನೇ ಯಾಕೆ ಒಗ್ಗುತ್ತದೆ ಅಂತ ನೀವು ಕೇಳಬಹುದು. ಕೆಂಪು ವೈನಿಗೆ ಸಿಪ್ಪೆ, ಬೀಜದ ಒಗರೂ ಹಣ್ಣಾಗಬೇಕು, ಅದಕ್ಕೆ ದೀರ್ಘ ಬಿಸಿಲು ಬೇಕು. ರೀಸ್ಲಿಂಗ್‌ನಂಥ ಬಿಳಿ ದ್ರಾಕ್ಷಿಗೆ ಅಷ್ಟು ಹಟವಿಲ್ಲ. ಬಿಸಿಲಿನ ನಾಡಿನಲ್ಲಿ ಹಣ್ಣಿನ ಸಿಹಿ ಏರುತ್ತಾ ಹುಳಿ ಬೇಗ ಇಳಿದುಹೋಗುತ್ತದೆ. ಹುಳಿಯೇ ಇಲ್ಲದ ಸಾರು ಹೇಗಿರುತ್ತೆ ಹೇಳಿ, ಸಪ್ಪೆ. ತಂಪು ರಾತ್ರಿಗಳ ಊರಿನಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ, ಹುಳಿ ಉಳಿಯುತ್ತದೆ, ಜೊತೆಗೆ ಹೂವಿನ, ಹಣ್ಣಿನ ನವುರು ಪರಿಮಳವೂ ಉಳಿಯುತ್ತದೆ. ಶಾಪ ಅಂದುಕೊಂಡಿದ್ದ ಚಳಿಯೇ ರುಚಿಯ ಗುಟ್ಟಾಯಿತು. ಕ್ಯಾಲಿಫೋರ್ನಿಯಾದ ನಕಲಿನ ಬದಲು ಈ ಪ್ರದೇಶಕ್ಕೆ ತನ್ನದೇ ಒಂದು ಮುಖ ಸಿಕ್ಕಿದ್ದು ಹೀಗೆ.

ಇಷ್ಟಾದ ಮೇಲೆ ಊರಿಗೆ ಊರೇ ಫ್ರಾಂಕನ ಹಿಂದೆ ಬಂತು ಅಂದುಕೊಂಡಿರಾ? ಇಲ್ಲ. ದೊಡ್ಡ ವೈನ್ ಕಂಪನಿಗಳಿಗೆ ಹಳೇ ದ್ರಾಕ್ಷಿಯ ಸಿಹಿ ವೈನೇ ಚೆನ್ನಾಗಿ ಮಾರಾಟವಾಗುತ್ತಿತ್ತು. ರೈತರಿಗೆ ಕಾಂಕರ್ಡ್ ಕೊಳ್ಳುವವರಿದ್ದರು. ಕಸಿ ಸಸಿ ದುಬಾರಿ, ಆರೈಕೆ ಹೆಚ್ಚು. ಫ್ರಾಂಕನಿಗೆ ಕಾಳಜಿ ಇದ್ದದ್ದೇ ಆಗುತ್ತಾ, ಅವರಿಗೆ ಅದು ಸರಿದೂಗುತ್ತಾ ಎಂಬ ಲೆಕ್ಕ. ಫ್ರಾಂಕನ ಬಾಯಿಯೂ ಅಷ್ಟು ಮೃದುವಲ್ಲ. ಫ್ರೆಂಚ್ ಬೆರಕೆ ತಳಿಗಳನ್ನು ಕಂಡರೆ ಉರಿದು ಬೀಳುತ್ತಿದ್ದ. ಅವುಗಳ ವೈನ್ ಆರೋಗ್ಯಕ್ಕೇ ಕೆಡುಕು ಅಂತ ವಾದಿಸುತ್ತಿದ್ದ. ಆ ವಾದ ನಿಲ್ಲಲಿಲ್ಲ. ಬೆರಕೆ ತಳಿಗಳಿಂದಲೂ ಒಳ್ಳೆಯ ವೈನ್ ಮಾಡುವವರು ಇವತ್ತಿಗೂ ಅಲ್ಲಿದ್ದಾರೆ. ತನ್ನ ಮಾತನ್ನು ಯಾರೂ ಕೇಳದ ಕಾಲ ಕಂಡವನು, ಬೇರೆಯವರ ಮಾತನ್ನು ತಾನೂ ಕೇಳಲಿಲ್ಲ... ಮನುಷ್ಯ ಸ್ವಭಾವ ನೋಡಿ.

ಆದರೆ ಕಲಿಯಲು ಬಂದವರಿಗೆ ಆತ ಬಾಗಿಲು ಮುಚ್ಚಲಿಲ್ಲ. ಮೇರಿಲ್ಯಾಂಡ್, ಪೆನ್ಸಿಲ್ವೇನಿಯಾ, ವರ್ಜೀನಿಯಾ ಕಡೆಯಿಂದ ದ್ರಾಕ್ಷಿ ಹುಚ್ಚು ಹತ್ತಿದವರು ಬಂದು, ಕಸಿ ಸಸಿ ಒಯ್ದು, ತಮ್ಮೂರಲ್ಲಿ ನೆಟ್ಟರು. 1967ರಲ್ಲಿ ಅಮೆರಿಕನ್ ವೈನ್ ಸೊಸೈಟಿ ಹುಟ್ಟಿದ್ದೂ ಆತನ ಮನೆಯಲ್ಲಿ ಸೇರಿದ ಸಭೆಯಲ್ಲೇ. ಜೆಫರ್ಸನ್ ಸೋತ ವರ್ಜೀನಿಯಾದಲ್ಲಿ ಇವತ್ತು ವಿನಿಫೆರಾ ವೈನ್ ಆಗುತ್ತದೆ ಅಂದರೆ ಅದರ ಹಿಂದೆ ಈ ಅಜ್ಜನ ಕೈಯೂ ಇದೆ.

ಒಬ್ಬರಿಂದ ತೋಟ ಆದೀತು, ಪ್ರದೇಶ ಆಗುವುದಿಲ್ಲ. ಅದಕ್ಕೆ ಇನ್ನೂ ಮೂರು ಸಂಗತಿ ಕೂಡಿ ಬರಬೇಕಾಯಿತು. ಮೊದಲನೆಯದು 1976ರ ಫಾರ್ಮ್ ವೈನರಿ ಕಾನೂನು. ಅಲ್ಲಿಯವರೆಗೆ ಸಣ್ಣ ರೈತನಿಗೆ ತನ್ನ ದ್ರಾಕ್ಷಿಯಿಂದ ವೈನ್ ಮಾಡಿ ತೋಟದಲ್ಲೇ ಗಿರಾಕಿಗೆ ಮಾರುವುದು ನ್ಯೂಯಾರ್ಕ್ ರಾಜ್ಯದಲ್ಲಿ ಹೆಚ್ಚುಕಡಿಮೆ ಆಗದ ಮಾತಾಗಿತ್ತು. ಈ ಕಾನೂನು ಆ ದಾರಿ ತೆರೆಯಿತು. ಎರಡನೆಯದು ಎರಡನೇ ಸಾಕ್ಷಿ. ಹರ್ಮನ್ ವೀಮರ್ ಎಂಬ ಜರ್ಮನ್, ರೀಸ್ಲಿಂಗ್‌ನ ತವರಾದ ಮೋಸೆಲ್ ಕಣಿವೆಯಲ್ಲಿ ಹುಟ್ಟಿದವನು, 1970ರ ದಶಕದಲ್ಲಿ ಸೆನೆಕಾ ದಂಡೆಯ ಒಂದು ಹಳೇ ಹೊಲ ಕೊಂಡು ವಿನಿಫೆರಾ ನೆಟ್ಟು, ತನ್ನ ವೈನರಿ ಶುರು ಮಾಡಿದ. ಕ್ಯೂಕಾದಲ್ಲಿ ಆದದ್ದು ಸೆನೆಕಾದಲ್ಲೂ ಆದಾಗ, ಇದು ಒಬ್ಬ ಹಟಮಾರಿಯ ಅದೃಷ್ಟ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಮೂರನೆಯದು ಕಷ್ಟಕಾಲ. 1980ರ ದಶಕದಲ್ಲಿ ದೊಡ್ಡ ಕಂಪನಿಗಳು ಕೈ ಬದಲಾಗಿ, ಸ್ಥಳೀಯ ಹಳೇ ದ್ರಾಕ್ಷಿ ಕೊಳ್ಳುವುದನ್ನು ಕಡಿಮೆ ಮಾಡಿದಾಗ ಬೆಲೆ ಬಿದ್ದು ರೈತರು ಬೀದಿಗೆ ಬರುವ ಸ್ಥಿತಿಯಾಯಿತು. ಆಗ ಉಳಿದ ದಾರಿ ಒಂದೇ, ಒಳ್ಳೆಯ ದ್ರಾಕ್ಷಿ ಬೆಳೆದು ತಾವೇ ವೈನ್ ಮಾಡಿ ಮಾರುವುದು. ಅದು ಸಾಧ್ಯ ಅಂತ ತೋರಿಸಿದ ತೋಟ ಅಷ್ಟು ಹೊತ್ತಿಗೆ ಕಣ್ಣೆದುರಿಗಿತ್ತು. 1982ರಲ್ಲಿ ಫಿಂಗರ್ ಲೇಕ್ಸ್‌ಗೆ ಅಧಿಕೃತ ವೈನ್ ಪ್ರದೇಶ ಎಂಬ ಮಾನ್ಯತೆಯೂ ಬಂತು. ಇವತ್ತು ಅಲ್ಲಿ ನೂರಕ್ಕೂ ಹೆಚ್ಚು ವೈನರಿಗಳಿವೆ. ರೀಸ್ಲಿಂಗ್ ಆ ಊರಿನ ಗುರುತೇ ಆಗಿಬಿಟ್ಟಿದೆ.

ಚಳಿ ಸೋತು ಸುಮ್ಮನಾಯಿತು ಅಂತ ಮಾತ್ರ ತಿಳಿಯಬೇಡಿ. 1980ರ ಕ್ರಿಸ್ಮಸ್ ದಿನ ತಾಪಮಾನ ದಢಕ್ಕನೆ ಕುಸಿದು ಬಳ್ಳಿಗಳು ರಾಶಿ ರಾಶಿ ಸತ್ತವು. 2004ರ ಜನವರಿಯಲ್ಲಿ ಮತ್ತೊಂದು ಪೆಟ್ಟು. 2023ರ ಮೇ ತಿಂಗಳಲ್ಲಿ ಚಿಗುರಿದ ಮೇಲೆ ಬಿದ್ದ ಹಿಮ ಎಷ್ಟೋ ತೋಟಗಳ ಬೆಳೆ ತಿಂದಿತು. ಹಾಗಾಗಿ ಈಗಲೂ ಅಲ್ಲಿನವರು ಚಳಿಗಾಲಕ್ಕೆ ಮುಂಚೆ ಕಸಿ ಕಟ್ಟಿದ ಗಂಟಿನ ಮೇಲೆ ಮಣ್ಣು ಏರಿಸಿ, ವಸಂತದಲ್ಲಿ ಬಿಡಿಸುತ್ತಾರೆ. ಮೇಲಿನದೆಲ್ಲ ಸತ್ತರೂ ಗಂಟು ಬದುಕಿದ್ದರೆ ಮತ್ತೆ ಚಿಗುರುತ್ತದೆ ಅಂತ. ಹಳೇ ಸಂಶೋಧಕರ ಭಯ ಪೂರ್ತಿ ಸುಳ್ಳಾಗಿರಲಿಲ್ಲ. ಅವರು ತಪ್ಪಿದ್ದು ಒಂದೇ ಕಡೆ. "ಕಷ್ಟ" ಅನ್ನಬೇಕಾದಲ್ಲಿ "ಆಗದು" ಅಂದರು.

ಫ್ರಾಂಕ್ 1985ರಲ್ಲಿ ತೀರಿಕೊಂಡ. ಮಗ ವಿಲ್ಲಿ ವೈನರಿಯನ್ನು ವ್ಯಾಪಾರವಾಗಿ ಗಟ್ಟಿ ಮಾಡಿದ, ನೊರೆ ವೈನನ್ನೂ ಶುರು ಮಾಡಿದ. ಮೊಮ್ಮಗ ಫ್ರೆಡ್ 1993ರಲ್ಲಿ ಹೊಣೆ ಹೊತ್ತ. ಈಗ ನಾಲ್ಕನೇ ತಲೆಮಾರೂ ಕೆಲಸಕ್ಕಿಳಿದಿದೆ. ಗುದ್ದಲಿ ಕೊಟ್ಟು ಕಳೆ ತೆಗೆಸಿದ ಕಾರ್ನೆಲ್ ಕೂಡ ಮುಂದೆ ವಿನಿಫೆರಾ ಬೆಳೆಗಾರರಿಗೆ ಸಲಹೆ ಕೊಡುವ, ಸಂಶೋಧನೆ ಮಾಡುವ ಜಾಗವಾಯಿತು.

ಇದನ್ನೆಲ್ಲ ಬರೆಯುವಾಗ ನನಗೆ ನನ್ನ ಮೊದಲ ಕೆಲಸದ ಸಂದರ್ಶನ ನೆನಪಾಗುತ್ತದೆ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದವನು ನಾನು. ಕೇಳಿದ ಲೆಕ್ಕದ ಉತ್ತರ ಗೊತ್ತಿತ್ತು, ಹೇಳಲು ಇಂಗ್ಲಿಷ್ ಬರಲಿಲ್ಲ. ಎದುರಿಗೆ ಕೂತವರು ಗಡಿಯಾರ ನೋಡಿಕೊಂಡರು. ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ನಿಂತಾಗ ನನಗೇ ನನ್ನ ಮೇಲೆ ಅನುಮಾನ, ನಿಜವಾಗಿ ನನಗೆ ಲೆಕ್ಕ ಬರುತ್ತಿತ್ತಾ ಅಂತ! ಫ್ರಾಂಕನಿಗೆ ಆ ಅನುಮಾನ ಬರಲಿಲ್ಲವಲ್ಲ, ಅದೇ ನನಗೆ ದೊಡ್ಡ ಸೋಜಿಗ. ಐವತ್ತು ದಾಟಿ, ತಟ್ಟೆ ತೊಳೆಯುತ್ತಾ, ಕಳೆ ಕೀಳುತ್ತಾ ಕೂಡ ತಾನು ಬಲ್ಲದ್ದನ್ನು ಬಲ್ಲೆ ಅಂತಲೇ ಇದ್ದ.

ಆದರೂ ಚರಿತ್ರೆ ಬರೆಯುವವರು ಎಲ್ಲ ಶ್ರೇಯಸ್ಸನ್ನೂ ಫ್ರಾಂಕನಿಗೇ ಕೊಡುವಾಗ ಫೂರ್ನಿಯೆ ಬಗ್ಗೆ ನನಗೆ ಸ್ವಲ್ಪ ಸಂಕಟವಾಗುತ್ತದೆ. ಆತನಿಗೆ ಪದಕ ಬಂದಿತ್ತು, ಹೆಸರಿತ್ತು. ಗೊತ್ತಿದ್ದ ದಾರಿಯಲ್ಲೇ ನಿವೃತ್ತನಾಗಬಹುದಿತ್ತು. ಕಳೆ ತೆಗೆಯುವವನ ಮಾತು ಕೇಳುವ ದರ್ದು ಏನಿತ್ತು? ಕೇಳಿದ, ಕಂಪನಿಯ ಹಣ ಹಾಕಿದ, ಫಲಕ್ಕಾಗಿ ವರ್ಷಗಟ್ಟಲೆ ಕಾದ. ಕಸಿಯಲ್ಲಿ ಎಲ್ಲರೂ ಹೊಗಳುವುದು ಹಣ್ಣು ಬಿಡುವ ಕುಡಿಯನ್ನು. ಮಣ್ಣೊಳಗೆ ಇದ್ದು ಚಳಿ ತಡೆದ ಬೇರು ಕಾಣಿಸುವುದಿಲ್ಲ.

ಆವತ್ತು ವೈನರಿಯಿಂದ ಹೊರಟು ಪಕ್ಕದ ನೇಪಲ್ಸ್ ಅನ್ನುವ ಊರಿಗೆ ಹೋದೆವು. ಅಲ್ಲಿ ಕಾಂಕರ್ಡ್ ದ್ರಾಕ್ಷಿ ತುಂಬಿದ ಪೈ ಬಹಳ ಪ್ರಸಿದ್ಧಿ. ಒಂದು ತುಂಡು ಬಾಯಿಗಿಟ್ಟೆ ನೋಡಿ, ಥೇಟ್ ನಮ್ಮ ನೀಲಿ ದ್ರಾಕ್ಷಿಯ ವಾಸನೆ! ಸಾವಿರಾರು ಮೈಲಿ ದೂರದಲ್ಲಿ, ದೇವನಹಳ್ಳಿ ರಸ್ತೆ ಬದಿಯ ದ್ರಾಕ್ಷಿ ಬುಟ್ಟಿ ಕಣ್ಣ ಮುಂದೆ ಬಂತು. ಗೆಳೆಯ ರೀಸ್ಲಿಂಗ್ ಬಾಟಲಿ ಹಿಡಿದಿದ್ದ, ನಾನು ಪೈ ಕಟ್ಟಿಸಿಕೊಂಡೆ. ಫ್ರಾಂಕ್ ಅಜ್ಜ ನೋಡಿದ್ದರೆ ನನ್ನನ್ನು ಬೈಯುತ್ತಿದ್ದನೋ ಏನೋ...

ನಿಮಗೂ ಹೀಗೆ ಯಾರಾದರೂ ಫೂರ್ನಿಯೆ ಸಿಕ್ಕಿದ್ದಾರಾ? ಸಿಕ್ಕಿದ್ದರೆ ಬರೆಯಿರಿ, ಓದಲು ಕಾದಿರುತ್ತೇನೆ.